ಲಕ್ಕೂರಿನ ಹುಡುಗರು ಮಾಲೀಕರಾಗುವುದು ಯಾವಾಗ?

ಬೆಳಕು ಹರಿಯುವ ಮೊದಲೇ ಮಾಲೂರು ತಾಲ್ಲೂಕಿನ ಲಕ್ಕೂರಿನ ಬಸ್ ಸ್ಟಾಂಡಿಗೆ ಬಂದು ನೋಡಿ. ಕೊರಳಿಗೆ ಐಡಿ ಕಾರ್ಡು, ಹೆಗಲಿಗೆ ಊಟದ ಡಬ್ಬಿಯ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು ಕಂಪನಿ ಬಸ್ಸಿಗೆ ಕಾಯುತ್ತಿರುತ್ತಾರೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ತಿಂಗಳ ಸಂಬಳ ಎಷ್ಟು ಮನೆಗಳನ್ನು ಎತ್ತಿ ನಿಲ್ಲಿಸಿದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಇದೇ ಜಿಲ್ಲೆಯ ನರಸಾಪುರಕ್ಕೆ 2013ರಲ್ಲಿ ಹೋಂಡಾ ಬಂತು, ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2023ರಲ್ಲಿ ಅದು ಟಾಟಾ ಕೈಸೇರಿತು. ಬರಲಿ, ಇನ್ನೂ ಬರಲಿ. ಆದರೆ ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಈ ಹುಡುಗರಲ್ಲಿ ಎಷ್ಟು ಮಂದಿ ನಾಳೆ ತಮ್ಮದೇ ಒಂದು ವರ್ಕ್‌ಶಾಪ್ ತೆರೆಯುತ್ತಾರೆ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯೇ ಒಮ್ಮೆ ಉತ್ತರ ಕೊಟ್ಟಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾಗಿ ಕೆಜಿಎಫ್‌ಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದೇ ಆ ಗಣಿಗೆ. ಮನೆ, ಆಸ್ಪತ್ರೆ, ಶಾಲೆ ಎಲ್ಲವೂ ಕಂಪನಿಯದೇ. 2001ರಲ್ಲಿ ಗಣಿ ಮುಚ್ಚಿತು. ಅಷ್ಟೊಂದು ಕಸುಬುದಾರರಿದ್ದ ಊರು ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟಿತು. ಇವತ್ತಿಗೂ ಬೆಳಗಿನ ರೈಲು ಮಾಲೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಬೆಂಜಮಿನ್ ಚಿನಿಟ್ಜ್ ದೊಡ್ಡ ಕಂಪನಿಯ ನೆರಳಲ್ಲಿ ಸಣ್ಣ ಉದ್ಯಮ ಏಕೆ ಹುಟ್ಟುವುದಿಲ್ಲ ಎಂಬುದಕ್ಕೆ 1961ರಲ್ಲೇ ಕಾರಣ ಹೇಳಿದ್ದ. ದೊಡ್ಡ ಉಕ್ಕಿನ ಕಂಪನಿಗಳನ್ನೇ ನಂಬಿದ ಪಿಟ್ಸ್‌ಬರ್ಗ್‌ನಲ್ಲಿ ಬ್ಯಾಂಕಿನವರಿಗೆ ಸಣ್ಣವರಿಗೆ ಸಾಲ ಕೊಟ್ಟು ರೂಢಿಯಿಲ್ಲ, ಸಂಬಳಗಾರನ ಮನೆಯಲ್ಲಿ ಮಕ್ಕಳು ವ್ಯಾಪಾರದ ಮಾತು ಕೇಳಿ ಬೆಳೆಯುವುದಿಲ್ಲ. ಸಣ್ಣ ಸಣ್ಣ ಬಟ್ಟೆ ಕಾರ್ಖಾನೆಗಳ ನ್ಯೂಯಾರ್ಕ್‌ನಲ್ಲಿ ಹೊಸಬನಿಗೆ ಎಲ್ಲವೂ ಪಕ್ಕದ ಬೀದಿಯಲ್ಲೇ ಸಿಗುತ್ತದೆ ಎಂದ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್ ಮತ್ತು ಸಂಗಡಿಗರು ಮುಂದೆ ಲೆಕ್ಕ ಹಾಕಿ ನೋಡಿದಾಗಲೂ ಹಳೆಯ ಗಣಿಗಳಿಗೆ ಹತ್ತಿರದ ನಗರಗಳಲ್ಲಿ ಹೊಸ ಉದ್ಯಮಗಳು ಕಡಿಮೆ ಹುಟ್ಟಿದ್ದವು. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಕೆಜಿಎಫ್.

ಮಾಲೂರಿನ ದಾರಿ ಬೇರೆ ಇತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕಸುಬನ್ನು ಈ ಬಯಲುಸೀಮೆ ತನ್ನದಾಗಿಸಿಕೊಂಡಿತು. ಜೇಡಿಮಣ್ಣು ಕಲಸಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಬಿಸಿಲಿಗಿಟ್ಟು ಅವಸರ ಮಾಡಿದರೆ ಹೆಂಚು ಸೊಟ್ಟಗಾಗುತ್ತದೆ, ಸೀಳುತ್ತದೆ. ಗೂಡಿನ ಬೆಂಕಿಯ ಬಣ್ಣ ನೋಡಿಯೇ ಹದ ಹೇಳುವವರು ಇಲ್ಲಿದ್ದರು. ಕೂಲಿಗೆ ಸೇರಿ ಕೆಲಸ ಕಲಿತವನು ಮುಂದೆ ತಾನೇ ಒಂದು ಗೂಡು ಹಾಕಬಹುದಿತ್ತು. ಅದೇ ಈ ಕಸುಬಿನ ಬಲ. ಆರ್‌ಸಿಸಿ ತಾರಸಿ ಬಂದ ಮೇಲೆ ಹೆಂಚು ಕೇಳುವವರು ಕಡಿಮೆಯಾದರು. ಕೆಲವರು ಇಟ್ಟಿಗೆಗೆ ತಿರುಗಿಕೊಂಡರು, ಹಲವರು ಕೈಬಿಟ್ಟರು. ಸುಟ್ಟ ಮಣ್ಣಿನ ಪೊಳ್ಳು ಬ್ಲಾಕ್ ಮಾಡುವ ಆಸ್ಟ್ರಿಯಾದ ಕಂಪನಿಯ ದೊಡ್ಡ ಕಾರ್ಖಾನೆ ಎದ್ದದ್ದು ಮಾಲೂರಿನಲ್ಲಲ್ಲ, ಕುಣಿಗಲ್‌ನಲ್ಲಿ. ಮಣ್ಣಿನ ಗುಣ ಬಲ್ಲ ಮಾಲೂರಿನ ಕೈಗಳಿಗೆ ಹೊಸ ಯಂತ್ರ, ಹೊಸ ಅಚ್ಚು, ಅದಕ್ಕೆ ಬೇಕಾದ ಸಾಲ ಸಕಾಲಕ್ಕೆ ಸಿಕ್ಕಿದ್ದರೆ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಗಡಿಯಾಚೆಯ ಹೊಸೂರನ್ನು ನೋಡಿ. ಟಿವಿಎಸ್, ಟೈಟನ್‌ನಂಥ ದೊಡ್ಡ ಕಾರ್ಖಾನೆಗಳ ಸುತ್ತ ಬಿಡಿಭಾಗ ಮಾಡುವ ಸಣ್ಣ ಘಟಕಗಳು ಬೆಳೆದವು. ನಾಲ್ಕು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು ಐದನೆಯ ವರ್ಷ ತನ್ನದೇ ಲೇತ್ ಹಾಕಬೇಕಾದರೆ ಅವನಿಗೆ ಬೇಕಾದದ್ದು ಬಾಡಿಗೆಗೆ ಒಂದು ಶೆಡ್ಡು, ತ್ರೀ ಫೇಸ್ ಕರೆಂಟು, ಮೊದಲ ಆರ್ಡರು. ಲಕ್ಕೂರಿನ ಹುಡುಗನಿಗೆ ಈ ಮೂರನ್ನು ಒದಗಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ.

ಕೈಗಾರಿಕಾ ಪ್ರದೇಶಕ್ಕೆಂದು ನಿಮ್ಮೂರಿಗೆ ಜಮೀನಿನ ನೋಟಿಸು ಬಂದರೆ, ಎಕರೆಗೆ ಎಷ್ಟು ಎಂದು ಕೇಳಿದ ಮೇಲೆ ಅಧಿಕಾರಿಗಳ ಮುಂದೆ ಇದನ್ನೂ ಕೇಳಿ: ನಮ್ಮ ಮಕ್ಕಳಿಗೆ ಎಷ್ಟು ಶೆಡ್ಡು? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.