ಗೈಡಿಗೆ ದುಡ್ಡು ಕೊಡಿ, ಲಿಸ್ಟಿಗೆ ಬೇಡ

ನಮ್ಮ ಫೈನಲ್ ಇಯರ್ ಸೀನಿಯರ್‌ಗಳನ್ನ ಕೇಳಿ ನೋಡಿ, ಕೆಲಸ ಸಿಕ್ಕಿದ ಮೇಲೆ ಮೊದಲು ಏನು ಮಾಡ್ತೀರಾ ಅಂತ. ಬೈಕ್ ತಗೋತೀನಿ ಅನ್ನೋರು ಇದ್ದೇ ಇರ್ತಾರೆ. ಅದರ ಜೊತೆಗೆ "ಅಪ್ಪ ಅಮ್ಮನ್ನ ಒಂದ್ಸಲ ಯುರೋಪಿಗೆ ಕರ್ಕೊಂಡು ಹೋಗ್ಬೇಕು" ಅನ್ನೋರೂ ಕಮ್ಮಿ ಇಲ್ಲ. ಒಳ್ಳೇ ಆಸೆ. ಆದರೆ ಆ ಆಸೆ ಪ್ಲಾನ್ ಆಗೋ ಹೊತ್ತಿಗೆ ಎಲ್ಲರೂ ಒಂದೇ ಥರದ ಟೂರಿಗೆ ಬಂದು ನಿಲ್ತಾರೆ: ಪ್ರೈವೇಟ್ ವ್ಯಾನ್, ಇಂಗ್ಲಿಷ್ ಮಾತಾಡೋ ಗೈಡ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು, ಅದರೊಳಗೆ ನಾಲ್ಕು ಊರು. ಹೋದ ಬೇಸಿಗೆ ರಜೆಯಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಇಂಥದ್ದೊಂದು ಟೂರ್ ನಾನೂ ಮಾಡಿದೆ. ಆಮೇಲೆ ಅದೇ ಊರುಗಳಿಗೆ ಟ್ರೇನು ಮತ್ತು ಕಾಲು ನಂಬಿಕೊಂಡು ಇನ್ನೊಂದು ಸಲ ಹೋದೆ. ಗೈಡ್ ಬೇಕು ಅನ್ನೋದು ನನ್ನ ಅಭಿಪ್ರಾಯ. ನಾಲ್ಕು ಊರಿನ ಲಿಸ್ಟ್ ಮಾತ್ರ ಬೇಡ.

ನನ್ನ ಸೋದರಮಾವ ಸೋಫಿಯಾ ಆಂತಿಪೊಲಿಸ್‌ನಲ್ಲಿ ಕೆಲಸ ಮಾಡ್ತಾರೆ. ಆಂತೀಬ್ ಅನ್ನೋ ಹಳೇ ಕರಾವಳಿ ಪಟ್ಟಣದ ಪಕ್ಕದ ಗುಡ್ಡದ ಮೇಲಿರೋ ಟೆಕ್ ಪಾರ್ಕ್ ಅದು, 1969ರಲ್ಲಿ ಶುರುವಾಗಿದ್ದು. ಕಂಪನಿಗಳ ಮಧ್ಯೆ ಪೈನ್ ಮರಗಳ ಕಾಡು. ಅಲ್ಲಿ ನಮ್ಮ ದೇಶದ ಐಟಿ ಜನ ಸಾಕಷ್ಟು ಸಿಗ್ತಾರೆ. ನಾವು ಹೋದ ವಾರ ಮಾವನಿಗೆ ರಜೆ ಸಿಗಲಿಲ್ಲ, ಅದಕ್ಕೆ ಅಪ್ಪ, ಅಮ್ಮ, ನಾನು ಮೂರು ಜನಕ್ಕೆ ಟೂರ್ ಬುಕ್ ಮಾಡಿಬಿಟ್ರು. ಸ್ಯಾಂ ಪೋಲ್ ದ ವಾಂಸ್, ನೀಸ್, ಎಝ್, ಮೊನಾಕೊ. ಎಷ್ಟಾಯ್ತು ಅಂತ ಮಾವ ಹೇಳಲೇ ಇಲ್ಲ. ಹೇಗೋ ಬಿಲ್ ನೋಡಿದ ಅಮ್ಮ ಅದನ್ನ ರೂಪಾಯಿಗೆ ಗುಣಿಸೋಕೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ಲು.

ಇಂಜಿನಿಯರಿಂಗ್ ಬುದ್ಧಿ ನೋಡಿ, ಫೋನಿನಲ್ಲಿ ಟೈಮ್ ಬರೆದುಕೊಂಡಿದ್ದೆ. ಎಂಟು ಗಂಟೆ ಅಂದ್ರೆ 480 ನಿಮಿಷ. ವ್ಯಾನಿನೊಳಗೆ 190, ಊಟಕ್ಕೆ 50, ಒಂದು ಸುಗಂಧದ್ರವ್ಯದ ಫ್ಯಾಕ್ಟರಿ ಮತ್ತು ಅದರ ಅಂಗಡಿಯಲ್ಲಿ 35. ಉಳಿದಿದ್ದು 205 ನಿಮಿಷ, ಅಂದ್ರೆ ಊರಿಗೆ ಸರಾಸರಿ ಒಂದು ಕ್ಲಾಸಿನಷ್ಟು ಹೊತ್ತು. ಅದರಲ್ಲೇ ಟಾಯ್ಲೆಟ್ ಹುಡುಕೋದು, ಫೋಟೋ, ಅಪ್ಪನ ಕಾಫಿ. ಆ ಫ್ಯಾಕ್ಟರಿಯ ಹೆಸರು ಲಿಸ್ಟಿನಲ್ಲಿ ಇರಲೇ ಇಲ್ಲ, ಆದರೂ ಅದಕ್ಕೆ ಮಾತ್ರ ಅವಸರ ಇರಲಿಲ್ಲ.

ಟೈಮ್ ಕಮ್ಮಿ ಆಯ್ತು ಅನ್ನೋದಷ್ಟೇ ಆಗಿದ್ರೆ ಇಷ್ಟೆಲ್ಲ ಬರೀತಿರಲಿಲ್ಲ. ನನ್ನ ತಕರಾರು ಬೇರೆ. ಅವಸರದಲ್ಲಿ ನೋಡಿದಾಗ ಎಲ್ಲಾ ಊರೂ ಒಂದೇ ಥರ ಕಾಣುತ್ತೆ. ಟೂರ್ ಕೂಡ ಹಾಗೇ ತೋರಿಸುತ್ತೆ: "ಬೆಟ್ಟದ ಮೇಲಿನ ಎರಡು ಸುಂದರ ಮಧ್ಯಯುಗದ ಹಳ್ಳಿಗಳು". ಸ್ಯಾಂ ಪೋಲ್ ಒಂದು, ಎಝ್ ಒಂದು. ಕಲ್ಲಿನ ಮನೆ, ಕಲ್ಲಿನ ಓಣಿ, ಕಿಟಕಿಯಲ್ಲಿ ಹೂವು. ಒಂದು ನೋಡಿದ ಮೇಲೆ ಇನ್ನೊಂದು ಯಾಕೆ ಅಂತ ಅಪ್ಪ ಮಧ್ಯಾಹ್ನ ಕೇಳಿದ್ರು. ಆಗ ನನ್ನ ಹತ್ರ ಉತ್ತರ ಇರಲಿಲ್ಲ, ಈಗ ಇದೆ.

ಆ ಎರಡು ಹಳ್ಳಿ ಬೇರೆ ಬೇರೆ ದೇಶದ್ದು! ಈಗಲ್ಲ, 1860ಕ್ಕೆ ಮುಂಚೆ. ನೀಸ್ ಪಟ್ಟಣ 1388ರಲ್ಲಿ ಸವಾಯ್ ರಾಜಮನೆತನದ ಕೈಗೆ ಹೋಯ್ತು. ನಡುವೆ ಫ್ರೆಂಚರು ಹಿಡಿದುಕೊಂಡಿದ್ದ ಕೆಲವು ಕಾಲ ಬಿಟ್ಟರೆ 1860ರ ತನಕ ಅದು ಫ್ರಾನ್ಸ್ ಆಗಿರಲೇ ಇಲ್ಲ. ಗಡಿ ಯಾವುದು ಅಂದ್ರೆ ವಾರ್ ಅನ್ನೋ ನದಿ. ಹೆಸರು ಕೇಳಿ ನಗಬೇಡಿ, ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೆ ಅದರ ದಡದಲ್ಲಿ ಯುದ್ಧಗಳೇನೂ ಕಮ್ಮಿ ಆಗಿಲ್ಲ. ನದಿಯ ಪಶ್ಚಿಮಕ್ಕೆ ಸ್ಯಾಂ ಪೋಲ್, ಅದು ಫ್ರಾನ್ಸ್. ಪೂರ್ವಕ್ಕೆ ಎಝ್, ಅದು ಸವಾಯ್. ನಮ್ಮ ವ್ಯಾನ್ ಆ ನದಿಯ ಸೇತುವೆ ದಾಟಿದ್ದು ಎಸಿ ಹಾಕಿಕೊಂಡು, ಅರ್ಧ ನಿಮಿಷದಲ್ಲಿ. ಗೈಡ್ ಆ ಹೊತ್ತಿಗೆ ಊಟಕ್ಕೆ ವೆಜ್ ಏನು ಸಿಗುತ್ತೆ ಅಂತ ಹೇಳ್ತಿದ್ರು. ಅದೂ ಮುಖ್ಯವೇ ಅನ್ನಿ.

1543ರಲ್ಲಿ ಫ್ರಾನ್ಸಿನ ರಾಜ ಒಂದನೇ ಫ್ರಾನ್ಸಿಸ್ ಯಾರ ಜೊತೆ ಸೇರಿಕೊಂಡು ನೀಸ್ ಮೇಲೆ ದಾಳಿ ಮಾಡಿದ ಗೊತ್ತಾ? ಆಟೊಮನ್ ಸುಲ್ತಾನನ ನೌಕಾಪಡೆ ಜೊತೆ. ಸೇನಾಪತಿ ಬಾರ್ಬರೋಸಾ. ಪಟ್ಟಣ ಬಿತ್ತು, ಮೇಲಿನ ಕೋಟೆ ಬೀಳಲಿಲ್ಲ. ಟೂರಿನಲ್ಲಿ ಕೇಳಿದ ಕಥೆ ಮಾತ್ರ "ಕಡಲ್ಗಳ್ಳರು ಬರ್ತಿದ್ರು, ಅದಕ್ಕೆ ಜನ ಬೆಟ್ಟ ಹತ್ತಿದ್ರು" ಅಂತ ಒಂದೇ ಸಾಲು. ಕಳ್ಳರ ಭಯ ಇದ್ದಿದ್ದು ನಿಜ. ಆದರೆ ಪಕ್ಕದ ರಾಜನ ಭಯ, ಅವನು ಕರ್ಕೊಂಡು ಬರೋ ಸ್ನೇಹಿತರ ಭಯ, ಇದೆಲ್ಲ ಎಲ್ಲಿ ಹೋಯ್ತು?

ಸಿವಿಲ್‌ನವರು ಸ್ಯಾಂ ಪೋಲ್ ಗೋಡೆಯನ್ನ ಒಂದು ಸಲ ಸರಿಯಾಗಿ ನೋಡಬೇಕು. ಅದನ್ನ ಕಟ್ಟಿಸಿದ್ದು ಅದೇ ಫ್ರಾನ್ಸಿಸ್, ಅದೇ 1540ರ ದಶಕದಲ್ಲಿ. ಆಗ ಫಿರಂಗಿ ಬಂದಾಗಿತ್ತು. ಎತ್ತರದ ತೆಳು ಗೋಡೆಗೆ ಫಿರಂಗಿ ಗುಂಡು ಬಿದ್ರೆ ಪುಡಿಪುಡಿ. ಅದಕ್ಕೆ ಇಲ್ಲಿ ಗೋಡೆ ದಪ್ಪ, ಹೊರಮೈ ಇಳಿಜಾರು, ಮೂಲೆಗಳಲ್ಲಿ ಹೊರಗೆ ಚಾಚಿಕೊಂಡಿರೋ ಬುರುಜುಗಳು. ಒಂದು ಬುರುಜಿನಿಂದ ಇನ್ನೊಂದರ ಬುಡಕ್ಕೆ ಗುಂಡು ಹೊಡೀಬಹುದು, ಶತ್ರು ಅಡಗೋಕೆ ಜಾಗ ಇಲ್ಲ. ಅಂದ್ರೆ ಊರು ಮಧ್ಯಯುಗದ್ದಾದರೂ ಗೋಡೆ ಮಧ್ಯಯುಗದ್ದಲ್ಲ, ಅದಕ್ಕಿಂತ ಈಚಿನ ಯುದ್ಧದ ಇಂಜಿನಿಯರಿಂಗ್. ಆ ಗೋಡೆ ಇವತ್ತಿಗೂ ಹೆಚ್ಚುಕಮ್ಮಿ ಪೂರ್ತಿ ನಿಂತಿದೆ, ಅದರ ಮೇಲೇ ನಡೀಬಹುದು. ನಮಗೆ ಸಿಕ್ಕಿದ್ದು ಆರ್ಟ್ ಗ್ಯಾಲರಿಗಳ ಓಣಿಯಲ್ಲಿ ಒಂದು ರೌಂಡ್, ಊರಿನ ಸ್ಮಶಾನದಲ್ಲಿ ಶಗಾಲ್ ಅನ್ನೋ ದೊಡ್ಡ ಪೇಂಟರ್‌ನ ಸಮಾಧಿ ಮುಂದೆ ಒಂದು ಫೋಟೋ. ಗೋಡೆ ಕಡೆ ಕೈ ತೋರಿಸಿದ್ದು ಪಾರ್ಕಿಂಗ್‌ನಿಂದ.

ಎಝ್ ಪೂರ್ತಿ ಬೇರೆ ಲೆಕ್ಕ. ಅಲ್ಲಿ ಬಂಡೆಯೇ ಗೋಡೆ. ತುದಿ ಸಮುದ್ರದಿಂದ 429 ಮೀಟರ್ ಎತ್ತರದಲ್ಲಿದೆ. ಓಣಿಗಳು ಎಷ್ಟು ಕಿರಿದು ಅಂದ್ರೆ ಎದುರಿಂದ ಟ್ರಾಲಿ ಬ್ಯಾಗ್ ಬಂದ್ರೆ ಗೋಡೆಗೆ ಅಂಟ್ಕೋಬೇಕು. ತುದಿಯಲ್ಲಿ ಕೋಟೆ ಇತ್ತು, 1706ರಲ್ಲಿ ಹದಿನಾಲ್ಕನೇ ಲೂಯಿ ಕೆಡವಿಸಿದ. ಅದೇ ವರ್ಷ ನೀಸ್ ಕೋಟೆಯನ್ನೂ ನೆಲಸಮ ಮಾಡಿಸಿದ. ಅದಕ್ಕೇ ನೀಸ್‌ನಲ್ಲಿ "ಕೋಟೆ ಗುಡ್ಡ" ಅಂತ ಇದೆ, ಹತ್ತಿ ನೋಡಿದ್ರೆ ಕೋಟೆ ಇಲ್ಲ. ಎಝ್ ತುದಿಯಲ್ಲಿ ಈಗ ಪಾಪಾಸುಕಳ್ಳಿ ತೋಟ ಮಾಡಿ ಟಿಕೆಟ್ ಇಟ್ಟಿದ್ದಾರೆ. ಒಂದು ಕಡೆ ಗೋಡೆ ಉಳಿಯಿತು, ಇನ್ನೊಂದು ಕಡೆ ಉಳಿಯಲಿಲ್ಲ, ಯಾಕೆ? ಈ ಒಂದು ಪ್ರಶ್ನೆಯನ್ನ ಬೆಳಿಗ್ಗೆ ಗೈಡ್ ನಮ್ಮ ತಲೆಗೆ ಹಾಕಿದ್ದಿದ್ರೆ ಇಡೀ ದಿನ ಬೇರೆ ಥರ ಇರ್ತಿತ್ತು. ಅವರಿಗೆ ಗೊತ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ನಡುವೆ ಒಂದ್ಸಲ ನಾನು ಕೆದಕಿ ಕೇಳಿದಾಗ ಚೆನ್ನಾಗೇ ಹೇಳೋಕೆ ಶುರು ಮಾಡಿದ್ರು, ಅಷ್ಟರಲ್ಲಿ ವಾಚ್ ನೋಡ್ಕೊಂಡ್ರು.

ಆ ಶನಿವಾರ ಮಾವನ ಜೊತೆ ಟ್ರೇನಿನಲ್ಲಿ ಎಝ್‌ಗೆ ಮತ್ತೆ ಹೋದೆ. ಸ್ಟೇಷನ್ ಇರೋದು ಕೆಳಗೆ ಸಮುದ್ರದ ಪಕ್ಕ, ಹಳ್ಳಿ ನೆತ್ತಿ ಮೇಲೆ. ಮಧ್ಯೆ ಒಂದು ಕಾಲುದಾರಿ ಇದೆ, ನೀಚೆ ಹೆಸರಿನದ್ದು. ಆ ಜರ್ಮನ್ ತತ್ವಜ್ಞಾನಿ ಇಲ್ಲಿ ಹತ್ತುತ್ತಾ ಇದ್ದಾಗ ತನ್ನ ಪುಸ್ತಕದ ಒಂದು ಭಾಗ ಹೊಳೆಯಿತು ಅಂತ ಬರೆದುಕೊಂಡಿದ್ದಾನೆ. ನನಗೆ ಹೊಳೆದಿದ್ದು ನೀರಿನ ಬಾಟಲ್ ಇನ್ನೊಂದು ತರಬೇಕಿತ್ತು ಅನ್ನೋದು ಮಾತ್ರ. ಒಂದೂಕಾಲು ಗಂಟೆ, ಸುಣ್ಣಕಲ್ಲಿನ ಮೇಲೆ ಬಿಸಿಲು, ಪ್ರತಿ ತಿರುವಿನಲ್ಲೂ ಹಳ್ಳಿ ಹತ್ತಿರ ಬಂದ ಹಾಗೆ ಕಂಡು ಮತ್ತೆ ದೂರ. ಮೇಲೆ ಮುಟ್ಟಿದಾಗ ನನ್ನ ಕೈಗೆ ಕತ್ತಿ ಕೊಟ್ಟಿದ್ರೂ ಎತ್ತೋಕಾಗ್ತಿರಲಿಲ್ಲ. ಹಳ್ಳಿ ಅಲ್ಲಿ ಯಾಕಿದೆ ಅಂತ ಆಗ ಅರ್ಥ ಆಯ್ತು, ಯಾರೂ ಹೇಳಬೇಕಾಗಿರಲಿಲ್ಲ. ವ್ಯಾನಿನಲ್ಲಿ ಹೋದಾಗ ಆ ಎತ್ತರ ಬರೀ ವ್ಯೂ ಪಾಯಿಂಟ್.

ಮೊನಾಕೊ ವಿಷಯಕ್ಕೆ ಬರ್ತೀನಿ, ನಿಮ್ಮಲ್ಲಿ ಅರ್ಧ ಜನ ಅದಕ್ಕೇ ಕಾಯ್ತಿದ್ದೀರಿ ಅಂತ ಗೊತ್ತು. ಹೌದು, ವ್ಯಾನ್ ನಮ್ಮನ್ನ ಎಫ್ ಒನ್ ಸರ್ಕ್ಯೂಟ್ ಮೇಲೆ ಒಂದು ಲ್ಯಾಪ್ ಕರ್ಕೊಂಡು ಹೋಯ್ತು. 3.337 ಕಿ.ಮೀ., ನಮಗೆ ಹತ್ತಿರತ್ತಿರ ಇಪ್ಪತ್ತು ನಿಮಿಷ, ಮುಂದೆ ಒಂದು ಕಸದ ಲಾರಿ. ಸುಳ್ಳು ಯಾಕೆ ಹೇಳಲಿ, ಹೇರ್‌ಪಿನ್ ತಿರುವಿನಲ್ಲಿ ನನಗೂ ರೋಮಾಂಚನ ಆಯ್ತು. ಆಮೇಲೆ ಕ್ಯಾಸಿನೊ ಮುಂದೆ ನಿಂತಿರೋ ಕಾರುಗಳ ಫೋಟೋ, ಮುಗೀತು.

ಮೊನಾಕೊ ನೋಡಬೇಕಾದ್ದು ಟ್ರೇನಿನಿಂದ, ಅದೂ ಬೆಳಿಗ್ಗೆ. ನೀಸ್‌ನಿಂದ ಅರ್ಧ ಗಂಟೆಯೂ ಇಲ್ಲ, ರೈಲು 1868ರಿಂದ ಓಡ್ತಿದೆ. ಈ ದೇಶದ ಜನಸಂಖ್ಯೆ ಸುಮಾರು 38 ಸಾವಿರ. ಅದಕ್ಕಿಂತ ಹೆಚ್ಚು ಜನ ದಿನಾ ಹೊರಗಿನಿಂದ ಕೆಲಸಕ್ಕೆ ಬರ್ತಾರೆ. ಅಡುಗೆಯವರು, ಕ್ಲೀನಿಂಗ್‌ನವರು, ಬ್ಯಾಂಕಿನವರು, ಗಾರೆ ಕೆಲಸದವರು, ಎಲ್ಲರೂ ಒಂದೇ ಡಬ್ಬಿಯಲ್ಲಿ ನಿಂತ್ಕೊಂಡು. ಬಾಡಿಗೆ ಕೊಟ್ಟು ಅಲ್ಲಿ ಇರೋಕೆ ಇವರಿಗೆಲ್ಲಿ ಸಾಧ್ಯ? ಟ್ರೇನು ಬಂಡೆಯೊಳಗೆ ಕೊರೆದಿರೋ ಸ್ಟೇಷನ್ನಿನಲ್ಲಿ ನಿಂತಾಗ ಎಲ್ಲರೂ ಒಟ್ಟಿಗೆ ಇಳಿದು ಎಸ್ಕಲೇಟರ್ ಹತ್ತಿ ಮಾಯ. ಹತ್ತು ನಿಮಿಷದ ಆ ದೃಶ್ಯ ಇಡೀ ಊರು ಹೇಗೆ ನಡೆಯುತ್ತೆ ಅಂತ ತೋರಿಸಿತು. ಪ್ರೈವೇಟ್ ಟೂರ್ ಯಾವತ್ತೂ ಇದನ್ನ ತೋರಿಸಲ್ಲ, ತೋರಿಸೋಕೂ ಆಗಲ್ಲ. ವ್ಯಾನ್ ಇರೋದೇ ಆ ಜನರ ಮಧ್ಯೆ ನೀವು ನಿಲ್ಲಬಾರದು ಅಂತ.

ಒಂದು ಸೈಡ್ ಟಾಪಿಕ್, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಅಂತ ಹೇಳಿಬಿಡ್ತೀನಿ. ಎರಡು ಚದರ ಕಿ.ಮೀ. ಚಿಲ್ಲರೆ ಇರೋ ಮೊನಾಕೊಗೆ ಬೆಳೆಯೋಕೆ ಜಾಗ ಸಮುದ್ರದಲ್ಲೇ. 2024ರ ಡಿಸೆಂಬರ್‌ನಲ್ಲಿ ಮಾರೆತೆರ್ರಾ ಅನ್ನೋ ಹೊಸ ಬಡಾವಣೆ ತೆರೆದ್ರು. ಸಮುದ್ರದ ತಳದ ಮೇಲೆ 18 ಕಾಂಕ್ರೀಟ್ ಕೇಸನ್‌ಗಳನ್ನ ಸಾಲಾಗಿ ಕೂರಿಸಿ, ಒಳಗಡೆ ತುಂಬಿ 6 ಹೆಕ್ಟೇರ್ ನೆಲ ಮಾಡಿದ್ದಾರೆ. ಒಂದೊಂದು ಕೇಸನ್ 10,000 ಟನ್, 26 ಮೀಟರ್ ಎತ್ತರ. ಇದರ ಇನ್ನೊಂದು ಮುಖ ನೀಸ್ ಏರ್‌ಪೋರ್ಟ್. ಅದೂ ವಾರ್ ನದಿಯ ಬಾಯಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದು. 1979ರ ಅಕ್ಟೋಬರ್ 16ರಂದು ಅದರ ಪಕ್ಕ ಹೊಸ ಬಂದರು ಕಟ್ಟುವಾಗ ತುಂಬಿದ ನೆಲ ಕುಸಿದು ಸಮುದ್ರದೊಳಗೆ ಜಾರಿತು, ಸುನಾಮಿಯಂಥ ಅಲೆ ಎದ್ದು ಆಂತೀಬ್ ತನಕ ಹೋಯ್ತು, ಕೆಲಸಗಾರರು ಸೇರಿ ಹಲವರು ಸತ್ತರು. ನಮ್ಮ ಮಾವನ ಮನೆ ಇರೋ ಊರು. ಜಿಯೋಟೆಕ್ ಬೋರಿಂಗ್ ಅನ್ನೋ ಫ್ರೆಂಡ್ಸಿಗೆ ಇದನ್ನ ಹೇಳಿ.

ಈಗ ಎದುರು ವಾದ. "ನಿನಗೆ ಹತ್ತೊಂಬತ್ತು, ನೀನು ಬೆಟ್ಟ ಹತ್ತುತ್ತೀಯ, ಅಮ್ಮನ ಮಂಡಿಗೆ ಏನು ಹೇಳ್ತೀಯ?" ಅಂತ ಅಮ್ಮನೇ ಕೇಳಿದ್ಲು. ಸರಿಯಾದ ಪ್ರಶ್ನೆ. ಮಂಡಿ ನೋವಿರೋರಿಗೆ ಬಾಗಿಲಿಗೆ ಬರೋ ವ್ಯಾನ್ ಐಷಾರಾಮ ಅಲ್ಲ, ಅದಿಲ್ಲದಿದ್ರೆ ಹೊರಡೋಕೇ ಆಗಲ್ಲ. ಆದರೆ ಎಝ್‌ನಲ್ಲಿ ವ್ಯಾನ್ ಕೆಳಗಿನ ಪಾರ್ಕಿಂಗ್‌ನಲ್ಲಿ ನಿಲ್ಲುತ್ತೆ. ಅಲ್ಲಿಂದ ಮೇಲಕ್ಕೆ ಎಲ್ಲರಿಗೂ ಮೆಟ್ಟಿಲೇ. ಅಮ್ಮ ಆ ದಿನ ಅರ್ಧ ಹತ್ತಿ ಒಂದು ಕಲ್ಲಿನ ಬೆಂಚಿನ ಮೇಲೆ ಕೂತ್ಲು, ಯಾಕಂದ್ರೆ ನಿಧಾನಕ್ಕೆ ಹತ್ತೋಕೆ ಟೈಮ್ ಇರಲಿಲ್ಲ. ಒಂದೇ ಊರು ಇದ್ದಿದ್ರೆ ನಡುವೆ ನಾಲ್ಕು ಸಲ ಕೂತು ತುದಿ ಮುಟ್ತಿದ್ಲು. ಮಂಡಿಗೂ ಬೇಕಾಗಿರೋದು ಲಿಸ್ಟ್ ಚಿಕ್ಕದಾಗೋದೇ.

ಅಪ್ಪ ಅಮ್ಮನಿಗೆ ಇಡೀ ಟೂರಿನಲ್ಲಿ ಹಿಡಿಸಿದ್ದು ಲಿಸ್ಟಿನಲ್ಲಿ ಇಲ್ಲದ ಎರಡು ವಿಷಯ. ನೀಸ್‌ನ ಹಳೇ ಪೇಟೆಯಲ್ಲಿ ಸೊಕ್ಕಾ ಅಂತ ಮಾಡ್ತಾರೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ದೊಡ್ಡ ತಾಮ್ರದ ತಟ್ಟೆಯಲ್ಲಿ ಸುರಿದು ಸೌದೆ ಒಲೆಯೊಳಗೆ ಬೇಯಿಸೋದು. ಅಮ್ಮ ಒಂದು ತುಂಡು ಬಾಯಿಗಿಟ್ಟು "ಇದಕ್ಕೆ ಹಸಿಮೆಣಸಿನಕಾಯಿ ಹಾಕಿದ್ರೆ ನಮ್ಮದೇ" ಅಂದ್ಲು. ಇನ್ನೊಂದು, ಅಲ್ಲಿನ ಬೀದಿ ಬೋರ್ಡ್‌ಗಳು. ಫ್ರೆಂಚ್ ಜೊತೆಗೆ ನಿಸ್ಸಾರ್ತ್ ಅನ್ನೋ ಸ್ಥಳೀಯ ನುಡಿಯಲ್ಲೂ ಹೆಸರು ಬರೆದಿದ್ದಾರೆ. ಮೊನಾಕೊದಲ್ಲಂತೂ ಅವರ ಮೊನೆಗಾಸ್ಕ್ ನುಡಿಯನ್ನ 1976ರಿಂದ ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈ ಕ್ಲಬ್ಬಿಗೆ ಬಂದು ಕನ್ನಡ ಟೈಪ್ ಮಾಡೋದು ಕಲಿತ ನನಗೆ ಆ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸ್ತು. ನಿಲ್ಲೋಕೆ ಬಿಡಲಿಲ್ಲ, ಪಾರ್ಕಿಂಗ್ ಟೈಮ್ ಮುಗೀತಿತ್ತು.

ಹಾಗಾಗಿ ಬುಕ್ ಮಾಡೋ ಮುಂಚೆ ಎರಡು ಪ್ರಶ್ನೆ ಕೇಳಿ. ಬರೋರು ಡ್ರೈವರ್-ಗೈಡಾ, ಲೈಸೆನ್ಸ್ ಕಾರ್ಡ್ ಇರೋ ಗೈಡಾ? ಫ್ರಾನ್ಸಿನಲ್ಲಿ ಮ್ಯೂಸಿಯಂ ಮತ್ತು ಸಂರಕ್ಷಿತ ಸ್ಮಾರಕಗಳ ಒಳಗೆ ಟೂರ್ ಕಂಪನಿ ವಿವರಣೆ ಕೊಡಿಸಬೇಕಾದರೆ ಕಾರ್ಡ್ ಇರೋ ಗೈಡನ್ನೇ ಇಟ್ಟುಕೊಳ್ಳಬೇಕು ಅಂತ ಕಾನೂನೇ ಇದೆ. ಕಾರ್ಡ್ ಇಲ್ಲದ ಡ್ರೈವರ್ ಎಷ್ಟೇ ಒಳ್ಳೆಯವರಾದರೂ ನಿಮ್ಮನ್ನ ಬಾಗಿಲಲ್ಲಿ ಬಿಟ್ಟು ಕಾಯ್ತಾರೆ. ಎರಡನೇದು, ಅದೇ ಎಂಟು ಗಂಟೆಯನ್ನ ಎರಡೇ ಊರಿಗೆ ಹಂಚಿ ಕೊಡ್ತೀರಾ, ಅಂಗಡಿ ಸ್ಟಾಪ್ ತೆಗೀತೀರಾ? ಪ್ರೈವೇಟ್ ಅಂತ ದುಡ್ಡು ಕೊಡೋದೇ ಇದಕ್ಕೆ. ನನ್ನ ಆಯ್ಕೆ ಕೇಳಿದ್ರೆ ಬೆಳಿಗ್ಗೆ ಸ್ಯಾಂ ಪೋಲ್ ಗೋಡೆ, ಮಧ್ಯಾಹ್ನ ಊಟ ಮಾಡಿ ಎಝ್, ನಡುವೆ ವಾರ್ ಸೇತುವೆಯ ಹತ್ತಿರ ಎಲ್ಲಾದರೂ ಐದು ನಿಮಿಷ ಗಾಡಿ ನಿಲ್ಲಿಸೋದು. ಮೊನಾಕೊಗೆ ಇನ್ನೊಂದು ದಿನ ಟ್ರೇನು. ಮುಂದಿನ ಸಲ ಮಾವ ಹೀಗೇ ಬುಕ್ ಮಾಡ್ತಾರಂತೆ. ಅಮ್ಮ ಈಗಲೇ ಹೇಳಿಟ್ಟಿದ್ದಾಳೆ, ಎಝ್ ಮೊದಲು ಹಾಕು, ಬಿಸಿಲೇರೋಕೆ ಮುಂಚೆ ಹತ್ತಬೇಕು ಅಂತ.