ಎಡಿ ಸಕ್ರಿ ತಿನಿಸಿದ್ದು ತಪ್ಪೇನ್ರಿ?

ಹೋದ ಶ್ರಾವಣದಾಗ ಮಹಾಕೂಟದ ದಾರ್ಯಾಗ ನಾನು ದೇವರ ಎಡಿ ಮುಟ್ಟಿ ಮೈಲಿಗಿ ಮಾಡಿದೆ ಅಂತ ನಮ್ಮ ಬಳಗದಾಗ ಇನ್ನೂ ಮಾತು ನಿಂತಿಲ್ಲ. ಹುನಗುಂದದ ಕುಬುಸದಾಗ ಅಂದ್ರು, ಇಳಕಲ್ಲಿನ ಮದುವ್ಯಾಗ ಅಂದ್ರು. ಎದುರಿಗೆ ಅಂದವರಿಗೆ ಎದುರಿಗೇ ಉತ್ತರ ಕೊಟ್ಟೀನಿ. ಹಿಂದಿಂದ ಅಂದವರಿಗೆ ಇಲ್ಲಿ ಬರೀತೀನಿ.

ಆದದ್ದು ಇಷ್ಟು. ಶ್ರಾವಣ ಸೋಮವಾರ. ಹನ್ನೊಂದು ಮಂದಿ ಹೆಣ್ಮಕ್ಕಳು ಕ್ರೂಸರ್ ಮಾಡ್ಕೊಂಡು ಬಾದಾಮಿಗೆ ಬಂದು, ಅಲ್ಲಿಂದ ಗುಡ್ಡದ ಕಾಲ್ದಾರಿ ಹಿಡದು ಮಹಾಕೂಟಕ್ಕ ನಡಕೋತ ಹೊಂಟಿದ್ವಿ. ನಮ್ಮ ಚಿಗವ್ವಗ ಸಕ್ರಿ ಬ್ಯಾನಿ. ಮುಂಜಾನೆ ಗುಳಿಗಿ ನುಂಗ್ಯಾಳ, ಸೋಮವಾರದ ಉಪಾಸ ಅಂತ ಹೊಟ್ಟಿಗೆ ಏನೂ ಹಾಕಿಲ್ಲ. ಅರ್ಧ ದಾರ್ಯಾಗ ಒಂದು ಕಲ್ಲಿನ ಮ್ಯಾಲೆ ಕುಂತಳು. ಕೈ ನಡಗಾಕ ಹತ್ತಿದ್ವು, ಕುಪ್ಪಸ ತೋಯ್ದು ಹೋಗೂವಷ್ಟು ಬೆವರು. ಕಣ್ಣು ಒಂದೇ ಕಡೆ ನೆಟ್ಟು ಸಂಬಂಧ ಇಲ್ಲದ ಮಾತು ಆಡಾಕ ಸುರು ಮಾಡಿದಳು.

"ಮೈಮ್ಯಾಲೆ ಬನಶಂಕರಿ ಬಂದಾಳ್ರೆವ್ವಾ!" ಅಂತ ಒಬ್ಬಾಕಿ ಅಂದದ್ದೇ ತಡ, ಇನ್ನೊಬ್ಬಾಕಿ ಹಣಿ ತುಂಬ ಕುಂಕುಮ ಬಡದಳು. ಇಬ್ಬರು ಕಾಲಿಗೆ ಬಿದ್ರು. ಒಬ್ಬ ವೈನಿ ಅಂತೂ "ನನ್ನ ಮಗಳ ಲಗ್ನ ಯಾವಾಗ ಆಗ್ತೈತಿ ತಾಯಿ?" ಅಂತ ಕೇಳೇಬಿಟ್ರು. ಚಿಗವ್ವಗ ತನ್ನ ಹೆಸರೇ ನೆನಪಿರಲಿಲ್ಲ, ಇನ್ನ ಲಗ್ನದ ತಿಥಿ ಎಲ್ಲಿಂದ ಹೇಳ್ಯಾಳು?

ನಮ್ಮ ಅಪ್ಪಗ ಹಿಂಗ ಎರಡು ಸಲ ಆದದ್ದು ನಾ ಕಣ್ಣಾರೆ ಕಂಡೀನಿ. ಸಕ್ರಿ ಇಳದಿತ್ತು. ಎಡಿ ಚೀಲದಾಗ ಕೈ ಹಾಕಿದೆ, ಸಕ್ರಿ ಪುಡಿಕಿ ಹರದೆ, ನಾಲ್ಕು ಚಮಚದಷ್ಟು ನೀರಾಗ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಆಕಿ ಇನ್ನೂ ನುಂಗತಿದ್ದಳು, ಅದು ನಮ್ಮ ಪುಣ್ಯ. ಪೂರಾ ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬಾರದು, ಶ್ವಾಸನಾಳಕ್ಕ ಹೋಗಿ ಜೀವ ತಗೀತೈತಿ. ಒಂದು ಮಗ್ಗಲಾ ಮಾಡಿ ಮಲಗಿಸಿ 108ಕ್ಕ ಫೋನ್ ಹಚ್ಚಬೇಕು. ಹದಿನೈದು ನಿಮಿಷ ಆದ ಮ್ಯಾಲೆ ಚಿಗವ್ವ ಕಣ್ಣು ಪಿಳುಕಿಸಿ, "ಯಾಕ ಎಲ್ಲಾರೂ ನನ್ನ ಸುತ್ತ ನಿಂತೀರಿ?" ಅಂದಳು. ನಾ ಅತ್ತೆ. ಉಳಿದವರು ಎಡಿ ಸಕ್ರಿ ಎಷ್ಟು ಉಳದೈತಿ ಅಂತ ನೋಡಿದ್ರು.

ನನ್ನ ಉತ್ತರ ಒಂದೇ. ಮಹಾಕೂಟೇಶ್ವರಗ ಸಕ್ರಿ ಕಡಿಮಿ ಆಗಿರಲಿಲ್ಲ, ಚಿಗವ್ವಗ ಆಗಿತ್ತು.

ಆದ್ರ ನನ್ನ ಜಗಳ ಎಡಿದಲ್ಲ, ಬುತ್ತಿಗಂಟಿಂದು. ಅವತ್ತು ನಮ್ಮ ಗಂಟು ಬಿಚ್ಚಿ ನೋಡಿದ್ರ ಕಡಕ್ ರೊಟ್ಟಿ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಮಾದ್ಲಿ, ಮ್ಯಾಲೆ ಫೋಟೋಕ್ಕಂತ ಒಂದೊಂದು ಹೆಚ್ಚಿನ ಇಳಕಲ್ ಸೀರಿ. ಗಾಯಕ್ಕ ಕಟ್ಟೂ ಪಟ್ಟಿ? ಇಲ್ಲ. ಸಾಬಾಣ? ಇಲ್ಲ. ಓಆರ್‌ಎಸ್ ಪುಡಿಕಿ? ಇಲ್ಲ. ನನ್ನ ಚೀಲದಾಗೂ ಇರಲಿಲ್ಲ, ಅದನ್ನೂ ಒಪ್ಪಿಕೊಳ್ತೀನಿ. ದೇವರಿಗೆ ಅಂತ ಒಯ್ದ ಸಕ್ರಿ ಇದ್ದದ್ದಕ್ಕ ಚಿಗವ್ವ ಉಳದಳು. ಅದಕ್ಕ ತಯಾರಿ ಅನ್ನಂಗಿಲ್ಲ, ಅದೃಷ್ಟ ಅಂತಾರ.

"ಔಷಧದ ಡಬ್ಬಿ ಹಿಡಕೊಂಡು ಮನಿ ಬಿಡೋದು ಅಪಶಕುನ" ಅಂತೀರಿ. ಹಂಗಾದ್ರ ಕ್ರೂಸರಿನ ಹಿಂದ ಸ್ಟೆಪ್ನಿ ಯಾಕ ಐತಿ? ಪಂಕ್ಚರ್ ಆಗಲಿ ಅಂತ ಡ್ರೈವರ್ ಹರಕಿ ಹೊತ್ತಾನೇನು? ಸೆರಗಿಗೆ ಪಿನ್ನು ಹಚ್ಚೋದು ಸೆರಗು ಜಾರಲಿ ಅಂತೇನು?

"ಬಾದಾಮ್ಯಾಗ ದವಾಖಾನಿ ಐತಲ್ಲ" ಅಂತೀರಿ. ಐತಿ. ಆದ್ರ 108 ಗಾಡಿ ರಸ್ತೆ ತನಕ ಬರ್ತೈತಿ, ಗುಡ್ಡ ಹತ್ತಂಗಿಲ್ಲ. ಕಲ್ಲಿನ ಸಂದ್ಯಾಗ ಫೋನಿಗೆ ಸಿಗ್ನಲ್ ಸಿಗತೈತಂತ ಖಾತ್ರಿ ಇಲ್ಲ. ಅಲ್ಲಿಂದ ರಸ್ತೆ ಮುಟ್ಟೂತನಕ ನಾವೇ ದವಾಖಾನಿ, ನಾವೇ ನರ್ಸು.

"ಮನಿ ಮದ್ದು ನಮಗ ಗೊತ್ತೈತಿ" ಅಂತೀರಿ. ಇದರ ಮ್ಯಾಲೆ ನನಗ ಎಲ್ಲಾಕಿಂತ ಹೆಚ್ಚು ಸಿಟ್ಟು. ಹಾವು ಕಡದ್ರ ಹಗ್ಗ ಬಿಗದು ಕಟ್ತೀರಿ, ಬ್ಲೇಡಿಲೆ ಕೊಯ್ತೀರಿ. ಎರಡೂ ತಪ್ಪು. ಬಿಗದು ಕಟ್ಟಿದ್ರ ಕಾಲೇ ಕೊಳತು ಹೋಗಬಹುದು. ಕಡದ ಕೈಕಾಲು ಮುರದ ಎಲುಬಿನಂಗ ಅಳ್ಳಾಡದಂಗ ಇಟ್ಟು, ನಡಿಸದ ಎತ್ತಿಕೊಂಡು, ವಿಷದ ಇಂಜೆಕ್ಷನ್ ಇರೂ ದವಾಖಾನಿಗೆ ಒಯ್ಯಬೇಕು. ಬಳಿ, ಉಂಗುರ, ಕಾಲುಂಗುರ ಕೂಡಲೇ ತಗೀಬೇಕು, ಬಾವು ಬಂದ ಮ್ಯಾಲೆ ಅವು ಬರಂಗಿಲ್ಲ, ರಕ್ತ ಹರಿಯೋದು ನಿಂತಬಿಡ್ತೈತಿ. "ಮುತ್ತೈದಿ ಕಾಲುಂಗುರ ತಗೀಬಾರದು" ಅನ್ನೂ ಅತ್ತೆಂದಿರಿಗೆ ಕೈ ಮುಗದು ಹೇಳ್ತೀನಿ: ಮುತ್ತೈದಿ ಉಳದ್ರ ಕಾಲುಂಗುರ ಮತ್ತ ಹಾಕಬಹುದು. ನಮ್ಮ ದೇಶದಾಗ 2000ದಿಂದ 2019ರ ತನಕದ ಲೆಕ್ಕ ತಗದ್ರ ವರ್ಷಕ್ಕ ಸರಾಸರಿ 58,000 ಮಂದಿ ಹಾವು ಕಡದು ಸತ್ತಾರ. ಭಾಳಷ್ಟು ಮಂದಿ ನಮ್ಮಂಥ ಹಳ್ಳಿಯವರು.

ಬಾದಾಮಿ ಮಂಗ್ಯಾಗಳ ಸುದ್ದಿ ನಿಮಗ ಹೊಸದಾಗಿ ಹೇಳಬೇಕಾಗಿಲ್ಲ. ಕೈಯಾಗಿನ ಬಾಳಿಹಣ್ಣು ಕಸಗೊಳ್ಳೂವಾಗ ಕಡದ್ರ, ಪರಚಿದ್ರ, ಅದಕ್ಕ ಖಾರ, ಸುಣ್ಣ, ಅರಿಷಿಣ ಏನೂ ಹಚ್ಚಬ್ಯಾಡ್ರಿ. ಸಾಬಾಣ ಹಚ್ಚಿ ಹರಿಯೂ ನೀರಾಗ ಹದಿನೈದು ನಿಮಿಷ ತೊಳೀರಿ, ಅವತ್ತೇ ದವಾಖಾನಿಗೆ ಹೋಗಿ ರೇಬೀಸ್ ಇಂಜೆಕ್ಷನ್ ಸುರು ಮಾಡ್ರಿ. ರೇಬೀಸ್ ಒಮ್ಮೆ ಕಾಣಿಸಿಕೊಂಡ್ರ ಹೆಚ್ಚು ಕಡಿಮಿ ಯಾರೂ ಉಳಿಯಂಗಿಲ್ಲ.

ಇದಕ್ಕೆಲ್ಲ ದೊಡ್ಡ ಖರ್ಚು ಇಲ್ಲ. ಸ್ವಚ್ಛ ಒಗದ ಹಳೇ ಧೋತರದ ಉದ್ದನ್ನ ಪಟ್ಟಿ ಎರಡು, ಉಳುಕಿದ ಕಾಲಿಗೂ ಆಗ್ತಾವು, ರಕ್ತ ಒತ್ತಿ ಹಿಡಿಯಾಕೂ ಆಗ್ತಾವು. ಸಾಬಾಣದ ತುಂಡು, ಕತ್ತರಿ, ಓಆರ್‌ಎಸ್. ಓಆರ್‌ಎಸ್ ಸಿಗದಿದ್ರ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಸಣ್ಣ ಚಮಚಲೆ ಆರು ಮಟ್ಟ ಚಮಚ ಸಕ್ರಿ, ಅರ್ಧ ಚಮಚ ಉಪ್ಪು. ಯಾರಿಗೆ ಯಾವ ಬ್ಯಾನಿ, ಯಾವ ಗುಳಿಗಿ ಅಂತ ಬರದ ಚೀಟಿ. ಮನ್ಯಾಗ ಒಬ್ಬರಿಗೆ "ಈ ದಾರಿಲೆ ಹೋಗ್ತೀವಿ, ಇಷ್ಟೊತ್ತಿಗೆ ಬರ್ತೀವಿ" ಅಂತ ಹೇಳಿದ ಒಂದು ಮಾತು. ಸಕ್ರಿ ಬ್ಯಾನಿಯವರು ಉಪಾಸ ಮಾಡೂ ಮುಂಚೆ ಡಾಕ್ಟರನ್ನ ಕೇಳ್ರಿ. ಗುಳಿಗಿ ನುಂಗಿ ಹಸದಿದ್ರ ದೇವರು ಮೆಚ್ಚತಾನಂತ ಯಾವ ಶಾಸ್ತ್ರದಾಗೂ ನಾ ಕೇಳಿಲ್ಲ.

ಈ ಶ್ರಾವಣದಾಗೂ ಹೋಗೂದೈತಿ. ಚಿಗವ್ವನೂ ಬರ್ತಾಳ, ಈ ಸಲ ಫರಾಳ ತಿಂದು ಬರ್ತಾಳ. ಡಬ್ಬಿ ಇಲ್ಲದ ಕ್ರೂಸರ್ ನಾ ಹತ್ತಂಗಿಲ್ಲ, ಇದು ಖರೇ ಮಾತು. ಸಕ್ರಿ ಎರಡು ಪುಡಿಕಿ ಕಟ್ತೀನಿ, ಒಂದು ದೇವರಿಗೆ, ಒಂದು ನಮಗ. ಆಗ ಮೈಲಿಗಿ ಮಾತೂ ಬರಂಗಿಲ್ಲ.