ಹಲಗಿ ತಿದ್ದೋ ಮೊದಲು ನಿಮ್ಮ ಗ್ರಿಡ್ ತಿದ್ರಿ

1/4
ದೋಸ್ತ್ರೇ, ಇದು ಸಿಟ್ಟಿನ ಪೋಸ್ಟ್. ನಮ್ಮ ಶಹಾಪುರ, ಸುರಪುರ ಕಡಿ ಅಲಾಯಿ ಹಲಗಿ ರೀಮಿಕ್ಸ್ ಅಂತ ರೀಲ್ಸ್ ಬರ್ತಾವಲ್ಲ, ಕೇಳ್ರಿ ಒಮ್ಮೆ. ಹೊಲಿಗಿ ಮಷೀನ್ ಹೊಡ್ದಾಂಗ ಒಂದೇ ಸಮ ಟಕ್ ಟಕ್ ಟಕ್.

ನಾನೂ ಮಾಡೀನಿ. ಮೊಹರಂನಾಗ ಬೆಂಕಿಗೆ ಹಲಗಿ ಕಾಸಿ ಕಾಸಿ ಬಾರಿಸೋ ನಮ್ಮ ಓಣಿ ಕಾಕಾ ಒಬ್ಬರು ನನ್ನ ಸಣ್ಣ ಮಿಡಿ ಪ್ಯಾಡ್ ಮ್ಯಾಲ ಬೆರಳಿಂದಲೇ ಒಂದು ಪೆಟ್ಟು ಬಾರಿಸಿ ಕೊಟ್ರು. ನಾನು ದೊಡ್ಡ ಶ್ಯಾಣ್ಯಾ, ಎಫ್‌ಎಲ್ ಸ್ಟುಡಿಯೋದಾಗ ಎಲ್ಲಾ ನೋಟ್ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿದೆ. ಕೇಳಿಸಿದೆ. ಕಾಕಾ ಅಂದ್ರು: "ಇದು ಯಾರು ಬಾರಿಸಿದ್ದೋ ತಮ್ಮಾ?"

2/4
ಏನಾಯ್ತು ಅಂದ್ರ, ಅವರ ಪೆಟ್ಟು ಒಂದು ಬೀಟಿಗೆ ಮೂರು. ನನ್ನ ಗ್ರಿಡ್ ಒಂದು ಬೀಟಿಗೆ ನಾಲ್ಕು. ಎಫ್‌ಎಲ್‌ದಾಗ ಒಂದು ಬೀಟಿಗೆ 96 ಟಿಕ್. ಮೂರು ಪೆಟ್ಟು ಬೀಳಬೇಕಾದ್ದು 0, 32, 64ಕ್ಕ. ನಾಲ್ಕರ ಗ್ರಿಡ್ ಅವನ್ನ ಎಳೆದು ಕೂಡಿಸೋದು 0, 24, 72ಕ್ಕ. ಟೆಂಪೋ 120 ಇದ್ರ, 167 ಮಿಲಿಸೆಕೆಂಡಿನ ಸಮ ಅಂತರ ಹೋಗಿ 125, 250, 125 ಆಗ್ತದ. ಇದು ತಿದ್ದೋದಲ್ರಿ, ಬ್ಯಾರೇ ತಾಳನೇ ಬರಿಯೋದು. ನಮ್ಮ ಬಿಕಾಂದಾಗ ಪೈಸಾ ಬಿಟ್ರೂ ಟ್ಯಾಲಿಯೊಳಗ ರೌಂಡ್ ಆಫ್ ಅಂತ ಒಂದು ಲೆಡ್ಜರ್ ಇರ್ತದ. ಇಲ್ಲಿ ಬಿಟ್ಟಿದ್ದಕ್ಕ ಲೆಕ್ಕನೇ ಇಲ್ಲ.

3/4
"ಹಳ್ಳಿಯವ್ರು ಟೈಮಿಂಗ್ ತಪ್ತಾರ, ಅದಕ್ಕ ಕ್ವಾಂಟೈಸ್ ಮಾಡ್ತೀವಿ" ಅಂತ ಒಬ್ಬ ಕಾಮೆಂಟ್ ಹಾಕಿದ್ದ. ಗ್ರಿಡ್ ನೀನು ಆರಿಸಿದ್ದು, ತಪ್ಪು ಅವರದು ಹೆಂಗಪಾ? ಹಲಗಿ ಬಾರಿಸೋರನ್ನ ಊರೊಳಗ ಎಲ್ಲಿ ನಿಲ್ಲಿಸ್ತಾರಂತ ನಮಗೆಲ್ಲಾ ಗೊತ್ತದ. ಈಗ ಲ್ಯಾಪ್‌ಟಾಪ್‌ದಾಗೂ ಅವರಿಗೇ ಬುದ್ಧಿ ಹೇಳೋದಾ? ಮ್ಯಾಲಿಂದ "ಒರಿಜಿನಲ್ ಫೋಕ್ ಬೀಟ್" ಅಂತ ಬರ್ದು ನಿಮ್ಮ ಹೆಸರು ಹಾಕ್ಕೋತೀರಿ.

ನಾಲ್ಕೇ ಸರಿ ಅನ್ನೋರು ಶಾಲಿಯಾಗ ಓದಿದ ಭಾಮಿನಿ ಷಟ್ಪದಿ ನೆನಪು ಮಾಡ್ಕೋರಿ. ಮೂರು ನಾಲ್ಕು, ಮೂರು ನಾಲ್ಕು ಅಂತ ಗಣ ಹಾಕಿಲ್ಲೇನು? ಕುಮಾರವ್ಯಾಸ ತನ್ನ ಭಾರತ ಅದರಾಗ ಬರ್ದಾನ. ಅದನ್ನೂ ನಾಲ್ಕು ನಾಲ್ಕಕ್ಕ ಕತ್ತರಿಸ್ತೀರೇನು?

ಡಿಜೆಗೆ ಕಿಕ್ ಗ್ರಿಡ್ ಮ್ಯಾಲೇ ಇರಬೇಕು, ಒಪ್ತೀನಿ. ಕಿಕ್ ಇಡ್ರಿ, ಹಲಗಿ ಬಿಡ್ರಿ.

4/4
ಬಾರಿಸಿದವ್ರ ಟೆಂಪೋ ಮೊದಲು ಹಿಡೀರಿ, ನಿಮ್ಮದು ಹೇರಬ್ಯಾಡ್ರಿ. ಪಿಯಾನೋ ರೋಲ್‌ದಾಗ ಸ್ನ್ಯಾಪ್ 1/3 ಬೀಟ್ ಮಾಡ್ರಿ, ಸಣ್ಣ ಕಡ್ಡಿ ಪೆಟ್ಟು ಇದ್ರ 1/6. ಏಳರ ತಾಳ ಆದ್ರ ಟೈಮ್ ಸಿಗ್ನೇಚರ್ 7/8. ಒಂದೆರಡು ನೋಟ್ ಸರಿಸೋದಿದ್ರ ಆಲ್ಟ್ ಒತ್ತಿ ಹಿಡೀರಿ, ಗ್ರಿಡ್ ಎಳೆಯೋದಿಲ್ಲ. ವೆಲಾಸಿಟಿ ಎಲ್ಲಾ 127 ಇಡಬ್ಯಾಡ್ರಿ ಮಾರಾಯ್ರೇ, ದಪ್ಪ ಕೋಲೂ ಸಣ್ಣ ಕಡ್ಡಿನೂ ಒಂದೇ ಜೋರು ಕೇಳೋದಿಲ್ಲ.

ಕಾಕಾನ ಪೆಟ್ಟು ಮತ್ತ 1/3 ಗ್ರಿಡ್ ಮ್ಯಾಲ ಇಟ್ಟು, ದೂರ ಸರಿದಿದ್ದ ನಾಕೈದು ನೋಟ್ ಅಷ್ಟೇ ಮುಟ್ಟೀನಿ. ಸ್ಟೋರಿಯಾಗ ಎರಡೂ ಹಾಕೀನಿ, ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ. ನಾಳೆ ಸಂಜೀಗಿ ಕಾಕಾಗ ಕೇಳಿಸ್ಲಿಕ್ಕೆ ಹೊಂಟೀನಿ.